ಚಿತ್ರದಂಚಿನ ಮೊಣಕೈ

“ಒಬ್ಬಳಲ್ಲ ಕಣೇ, ಇಬ್ಬರಿದ್ದಾರೆ,” ಎಂದರು ಜಲಜಾಕ್ಷಿ.

ಮಗಳು ಹಿತಾ ಲ್ಯಾಪ್‌ಟಾಪಿನಿಂದ ತಲೆಯೆತ್ತಲಿಲ್ಲ. ತಿಂಗಳ ಮಟ್ಟಿಗೆಂದು ನೆದರ್‌ಲ್ಯಾಂಡ್ಸ್‌ನ ಡೀಮೆನ್‌ಗೆ ಬಂದ ತಾಯಿ, ಕೊರೊನಾದಿಂದ ವಿಮಾನಗಳು ನಿಂತು, ನಾಲ್ಕು ತಿಂಗಳಾದರೂ ಇಲ್ಲೇ ಉಳಿದಿದ್ದರು. ಹಿತಾಳ ಆಫೀಸೂ ಅಡುಗೆಮನೆಯ ಮೇಜಿಗೆ ಬಂದು ಕೂತಿತ್ತು. ಹಿಂದೆ ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸರ್ಕಾರ ತೆಗೆಸಿದ್ದ ಬಣ್ಣದ ಫೋಟೋಗಳಿಗೆ ವಿವರ ತುಂಬುವುದು ಅವಳ ಕೆಲಸ. ಮಧ್ಯಾಹ್ನವೆಲ್ಲ ಜಲಜಾಕ್ಷಿ ಪಕ್ಕದಲ್ಲಿ ಕೂತು ಕನಸು ಕಾಣುವವರಂತೆ ನೋಡುತ್ತಿದ್ದರು: ಕೆಂಪು ಮಣ್ಣಿನ ಹೊಲ, ಹುಲ್ಲಿನ ಬಣವೆ, ಹಳದಿ ಫ್ರಾಕಿನ ರೈತ ಹೆಂಗಸು. ಎಂಬತ್ತು ವರ್ಷದ ಬಣ್ಣ ನಿನ್ನೆ ಬಳಿದ ಹಾಗಿತ್ತು. ಕಿಟಕಿಯಾಚೆ ಖಾಲಿ ಓಡುವ ಟ್ರಾಮೇ ಯಾವುದೋ ಹಳೆಯ ಕಾಲದ್ದೆನಿಸುತ್ತಿತ್ತು.

ಈಗ ಪರದೆಯ ಮೇಲೆ, ತಲೆಗೆ ಕೆಂಪು ವಸ್ತ್ರ ಕಟ್ಟಿದ ಹುಡುಗಿ ವಿಮಾನದ ರೆಕ್ಕೆಗೆ ಡ್ರಿಲ್ ಹಿಡಿದಿದ್ದಳು. ‘ಚಿತ್ರದಲ್ಲಿರುವವರು’ ಎಂಬಲ್ಲಿ ಹಿತಾ ‘1’ ಎಂದು ತುಂಬಿದ್ದಳು.

“ಆ ಮೂಲೇಲಿ ಮೊಣಕೈ ನೋಡು, ಎಣ್ಣೆ ಮಸಿ. ಇವಳ ಉಗುರಿನ ಬಣ್ಣ ಒಂಚೂರೂ ಹೋಗಿಲ್ಲ. ಕೆಲಸ ಮಾಡೋಳು ಆ ಮೊಣಕೈಯವಳು.”

“ಅಮ್ಮಾ, ಡಿಟೆಕ್ಟಿವ್ ಆಗ್ಬಿಟ್ಯಾ? ನಿಂಗೆ ಹೇಗೆ ಗೊತ್ತು?”

ಜಲಜಾಕ್ಷಿ ಸೆರಗಿನಿಂದ ಕನ್ನಡಕ ಒರೆಸಿದರು. “ನಮ್ಮೂರ ಮನೆ ಹಾಲ್‌ನಲ್ಲಿರೋ ಫೋಟೋ ಇದೆಯಲ್ಲ...”

“ಎಪ್ಪತ್ತೊಂದರ ಯುದ್ಧದಲ್ಲಿ ನೀನು ಸೈನ್ಯಕ್ಕೆ ರೇಡಿಯೋ ಮಾಡ್ತಿರೋದು? ಅದನ್ನ ಹೇಳ್ಕೊಂಡು ಸ್ಕೂಲಲ್ಲಿ ಎಷ್ಟು ಬೀಗಿದೀನಿ!”

“ನಾನು ಫ್ಯಾಕ್ಟರೀಲಿ ಬರೀ ಟೈಪಿಸ್ಟ್ ಕಣೇ. ದೆಹಲಿಯಿಂದ ಸರ್ಕಾರದ ಫೋಟೋಗ್ರಾಫರ್ ಬಂದ. ರೇಡಿಯೋ ಮಾಡ್ತಿದ್ದೋಳು ನೀಲಾಂಬಿಕಾ, ಅವಳ ಕೈತುಂಬ ಸೋಲ್ಡರಿಂಗ್ ಐರನ್ ಸುಟ್ಟ ಕಲೆ. ಅವಳನ್ನ ಎಬ್ಬಿಸಿ, ಐರನ್ ನನ್ನ ಕೈಗೆ ಕೊಟ್ಟು ಕೂರಿಸಿದ. ನಾನೂ ಕೂತೆ, ನಕ್ಕೆ. ಅವತ್ತಿಂದ ಅವಳು ನನ್ನ ಜೊತೆ ಊಟಕ್ಕೆ ಕೂರಲಿಲ್ಲ.”

ಹಿತಾ ‘1’ ಅಳಿಸಿ ‘2’ ಮಾಡಿದಳು. “ನಮ್ಮ ಫೋಟೋದಲ್ಲೂ ಮೊಣಕೈ ಇದೆಯಾ?”

“ಇತ್ತು. ಫ್ರೇಮ್ ಹಾಕಿಸುವಾಗ ನಾನೇ ಕತ್ತರಿಸಿದೆ.”

ನಲವತ್ತೊಂಬತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ನಾಚಿಕೆ ಬಾಯಿಗೆ ಬಂದು ಅವರ ಕಣ್ಣು ತುಂಬಿತು. ನೀಲಾಂಬಿಕಾಗೆ ಕೊರೊನಾ ಬಂದು ಆಸ್ಪತ್ರೆ ಸೇರಿದ್ದಾಳೆಂದು ಹಳೆಯ ಗೆಳತಿಯರ ವಾಟ್ಸಾಪ್ ಗುಂಪಿನಲ್ಲಿ ಮೊನ್ನೆಯೇ ಸುದ್ದಿ ಬಂದಿತ್ತು. ನಂಬರೂ ಇತ್ತು. ಎರಡು ದಿನದಿಂದ ಆ ನಂಬರಿನ ಮೇಲೆ ಬೆರಳಿಟ್ಟು ತೆಗೆಯುವುದೇ ಆಗಿತ್ತು.

ಈ ಸಲ ಬೆರಳು ತೆಗೆಯಲಿಲ್ಲ, ಒತ್ತಿಯೇಬಿಟ್ಟರು. ಏಳೆಂಟು ರಿಂಗಾದ ಮೇಲೆ ಸಣ್ಣ ದನಿ ಕೇಳಿತು. “ಯಾರು?”

“ನೀಲಾ, ನಾನು... ನಿನ್ನ ಜಾಗದಲ್ಲಿ ಕೂತಿದ್ದೋಳು.”

ಆ ಕಡೆ ಕೆಮ್ಮು.

“ಸೋಲ್ಡರಿಂಗ್ ಐರನ್ ನೀನು ಹಿಡ್ಕೊಂಡಿದ್ದೇ ಸರಿ ಇರ್ಲಿಲ್ಲ,” ಎಂದಿತು ದನಿ.

ಜಲಜಾಕ್ಷಿ ಮೇಜಿನ ಮೇಲಿದ್ದ ಪೆನ್ಸಿಲ್ ಎತ್ತಿಕೊಂಡರು. “ಹೇಗೆ ಹಿಡೀಬೇಕಿತ್ತು, ಹೇಳು,” ಎಂದು ಅದನ್ನು ಬಿಸಿಲಿಗೆ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಸರಿಸತೊಡಗಿದರು.