ಎರಡು ಚೀಟಿಯ ಜಾಡಿ

ನಾನು ಒಂದು ಗಾಜಿನ ಜಾಡಿ. ಕುಲುಮೆಯ ಬೆಂಕಿಯಲ್ಲಿ ಹುಟ್ಟಿ, ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಮಲಗಿ ಧಾರವಾಡದ ಒಂದು ಕಾಲೇಜಿಗೆ ಬಂದೆ. ಪ್ರಾಣಿಶಾಸ್ತ್ರದವರು ನನ್ನೊಳಗೆ ಫಾರ್ಮಲಿನ್ ಸುರಿದು ಒಂದು ಹಸಿರು ಹಾವನ್ನು ಇಳಿಬಿಟ್ಟರು. ಹೊಟ್ಟೆಯಲ್ಲಿ ಹೆಣ ಇಟ್ಟುಕೊಂಡೇ ಇಪ್ಪತ್ತೆರಡು ವರ್ಷ ಕಳೆದೆ. ನನಗೆ ಸುಲಭಕ್ಕೆ ನಗು ಬರುವುದಿಲ್ಲ.

ನನ್ನನ್ನು ದಿನಾ ಒರೆಸುತ್ತಿದ್ದವನು ಅಟೆಂಡರ್ ಯಮನೂರಪ್ಪ. ನಮ್ಮಲ್ಲೊಂದು ಪದ್ಧತಿಯಿತ್ತು. ಜಾಡಿಯ ಮೇಲಿನ ಚೀಟಿಯಲ್ಲಿ ಪ್ರಾಣಿಯ ಹೆಸರು ತಪ್ಪಾಗಿದ್ದರೆ ಹಳೆಯ ಚೀಟಿ ಕೀಳುವಂತಿಲ್ಲ. ಅದರ ಕೆಳಗೇ ಸರಿಯಾದ ಚೀಟಿ ಅಂಟಿಸಿ, ತಿದ್ದಿದವರು ತಾರೀಖು ಹಾಕಿ ಸಹಿ ಮಾಡಬೇಕು. ಅಂಟು ಹಚ್ಚುವ ಕೆಲಸ ಯಮನೂರಪ್ಪನದು. ಇದನ್ನೆಲ್ಲ ಮನೆಯಲ್ಲಿ ಹೆಂಡತಿ ನಿಂಬೆವ್ವನಿಗೆ ಹೆಮ್ಮೆಯಿಂದ ಹೇಳುತ್ತಿದ್ದನಂತೆ.

ಫಾರ್ಮಲಿನ್ ಆರಿ, ಹಾವು ಕೊಳೆತು ನಾನು ಖಾಲಿಯಾದ ವರ್ಷ, ಪ್ರಾಣಿಶಾಸ್ತ್ರದ ಕಟ್ಟಿ ಸರ್ ಕಾಲೇಜಿನ ವಾರ್ಷಿಕ ಸಂಚಿಕೆಗೆ ಒಂದು ಹಾಸ್ಯಕಥೆ ಬರೆದರು. ಅದರಲ್ಲಿ ಎಲ್ಲರಿಗೂ ಒಂದೊಂದು ವೈಜ್ಞಾನಿಕ ಹೆಸರು. ಪ್ರಿನ್ಸಿಪಾಲರು ‘ಕುರ್ಚಿಯಸ್ ಅಂಟ್ಕೊಂಡೆನ್ಸಿಸ್’. ಗುಮಾಸ್ತ ‘ನಾಳೆಬಾರಸ್ ಕಡತೆನ್ಸಿಸ್’. ಈಚೆಗೆ ನಡೆಯುವಾಗ ಓಲಾಡತೊಡಗಿದ್ದ ಯಮನೂರಪ್ಪ ‘ಕುಡಿಯೋಸಾರಸ್ ಗೋಡೆಹಿಡಿಯೆನ್ಸಿಸ್’. ಹುಡುಗರು ಹೊಟ್ಟೆ ಹುಣ್ಣಾಗುವಷ್ಟು ನಕ್ಕು, ಆ ಹೆಸರನ್ನು ಚೀಟಿಯಲ್ಲಿ ಬರೆದು ನನ್ನ ಮೈಗೆ ಅಂಟಿಸಿದರು.

ಯಮನೂರಪ್ಪ ನನ್ನನ್ನು ಎತ್ತಿಕೊಂಡು ಕಟ್ಟಿ ಸರ್ ಮುಂದೆ ನಿಂತ. “ಸರ್, ನಾ ಒಂದ್ ಹನಿ ಮುಟ್ಟಿದಾಂವ ಅಲ್ರಿ. ತಲಿ ಗಿರ್ ಅಂತೈತಿ. ಇದನ್ನ ತಿದ್ದ್ರಿ.”

“ಅದು ಬರೇ ಕತಿ ಮಾರಾಯಾ,” ಎಂದು ಸರ್ ನಕ್ಕರು. “ಕತಿಯೊಳಗಿಂದು ಯಾರ್ ಖರೇ ಅಂತಾರ?”

ಎಲ್ಲರೂ ಖರೇ ಅಂದುಕೊಂಡರು. ಒಂದು ಮುಂಜಾನೆ, ನನ್ನ ಕಪಾಟಿನೆದುರಿನ ಬಾಗಿಲಾಚೆ ಯಮನೂರಪ್ಪ ಗೋಡೆಗೆ ಕೈಯೂರಿ ಹಾಗೇ ಕುಸಿದ. ಹುಡುಗರು ಹೊಸ ಹೆಸರು ಕೂಗಿ ನಗುತ್ತ ದಾಟಿದರು. ಕಟ್ಟಿ ಸರ್ ಕೂಡ ಬಂದರು. “ಬೆಳಗಾಗೂದ್ರಾಗ ಸುರು ಮಾಡ್ಯಾನ,” ಎಂದು ದಾಟಿ ಹೋದರು. ನಾನು ಗಾಜು, ಬಾಯಿದ್ದೂ ಕೂಗಲಾರೆ. ಅಂದು ನನಗಾದ ಸಂಕಟ ಹೇಳತೀರದು. ಮಧ್ಯಾಹ್ನ ಕಸ ಗುಡಿಸುವವಳು ಮುಟ್ಟಿ ನೋಡುವಾಗ ಮೈ ತಣ್ಣಗಾಗಿತ್ತು. ತಲೆಯಲ್ಲಿ ಗಡ್ಡೆ ಬೆಳೆದಿತ್ತು ಎಂದರು ಡಾಕ್ಟರು.

ಹದಿನೈದು ದಿನದ ಮೇಲೆ ನಿಂಬೆವ್ವ ಬಂದಳು. ಕಟ್ಟಿ ಸರ್ ಗಡಿಬಿಡಿಯಿಂದ ನನ್ನ ಚೀಟಿ ಕೀಳಲು ಹೋದರು.

“ಕೀಳಬ್ಯಾಡ್ರಿ,” ಎಂದಳು ಅವಳು. “ಹಾವಿನ ಹೆಸರ ತಪ್ಪಾದ್ರ ಹೆಂಗ್ ತಿದ್ದತೀರಿ, ಹಂಗ ತಿದ್ದ್ರಿ. ಸಹಿ ಮಾಡ್ರಿ.”

ಸರ್ ಒಂದು ಹೊಸ ಚೀಟಿ ತೆಗೆದುಕೊಂಡರು. ಅದರಲ್ಲಿ ಬರೆದರು: ‘ಯಮನೂರಪ್ಪ. ಕುಡುಕನಲ್ಲ, ಕಾಯಿಲೆಯವನು. ಬಿದ್ದಾಗ ನಾನೂ ದಾಟಿ ಹೋದೆ.’ ಕೆಳಗೆ ತಾರೀಖು, ಸಹಿ. ಅಂಟನ್ನು ನಿಂಬೆವ್ವನೇ ತನ್ನ ಬೆರಳಿಂದ ಹಚ್ಚಿದಳು.

ಈಗ ನನ್ನ ಅಂಚು ಬಿರುಕು ಬಿಟ್ಟಿದೆ, ಉಗ್ರಾಣದ ಮೂಲೆ ಸೇರಿದ್ದೇನೆ. ಬಿದ್ದರೆ ಒಡೆದೀತೆಂದು ನನ್ನನ್ನು ಈಗಲೂ ಎರಡು ಕೈಯಲ್ಲಿ ಹಿಡಿಯುತ್ತಾರೆ. ಬಿದ್ದ ಯಮನೂರಪ್ಪನಿಗೆ ಒಂದು ಕೈಯೂ ಸಿಗಲಿಲ್ಲ. ಆಗಾಗ ಹೊಸ ಹುಡುಗರು ಬಂದು ಧೂಳು ಒರೆಸಿ ಚೀಟಿ ಓದುತ್ತಾರೆ. ಕೆಲವರು ಕೆಳಗಿನದನ್ನೂ ಓದಿ ಸುಮ್ಮನಾಗುತ್ತಾರೆ. ಹೆಚ್ಚಿನವರು ಮೇಲಿನದನ್ನಷ್ಟೇ ಓದಿ, ನಗುತ್ತ ಹೋಗುತ್ತಾರೆ.