ಮರಳ ಹಾಸು

ಕರಣೆಯ ತುದಿ ಮಣ್ಣಿಗೆ ತಾಗಿದಾಗ ಬರಬೇಕಿದ್ದ ಸದ್ದು ಬರಲಿಲ್ಲ. ಮೇಸ್ತ್ರಿ ಇನ್ನೊಮ್ಮೆ ಕೆರೆದ. ಮತ್ತೆ ಅದೇ ಮೆತ್ತನೆಯ ಸರಸರ. ಯಾರೂ ಮುಟ್ಟದ ನೆಲ ಯಾವುದು, ಒಮ್ಮೆ ಅಗೆದು ಮುಚ್ಚಿದ ನೆಲ ಯಾವುದು ಎಂಬುದನ್ನು ಅವನ ಕೈಗೆ ಕಣ್ಣು ಹೇಳಿಕೊಡಬೇಕಾಗಿರಲಿಲ್ಲ. ಗುಂಡಿಯ ಗೋಡೆಗೆ ಬೆನ್ನು ಕೊಟ್ಟು, ಮೇಲಿನಿಂದ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಕತ್ತೆತ್ತಿದ. ಚೌಕಾಕಾರದ ಬಿಳಿಯ ಆಕಾಶದ ಹೊರತು ಏನೂ ಕಾಣಲಿಲ್ಲ.

ಬಯಲಿನ ನಡುವೆ ಬೋರಲು ಹಾಕಿದ ಬೋಗುಣಿಯಂತಿದ್ದ ಆ ದಿಬ್ಬ, ಅಕ್ಷರ ಹುಟ್ಟುವುದಕ್ಕೂ ಮೊದಲಿನ ಜನ ತಮ್ಮ ಸತ್ತವರ ಮೇಲೆ ಕಟ್ಟಿದ್ದು. ಹೊಸ ರಸ್ತೆಗಾಗಿ ಎಳೆದ ಸುಣ್ಣದ ಗೆರೆ ಅದರ ಬುಡಕ್ಕೆ ಬಂದು ನಿಂತಿತ್ತು. ದಿಬ್ಬದ ಒಡಲು ಹೂತಂದಿನಂತೆಯೇ ಉಳಿದಿದ್ದರೆ ರಸ್ತೆ ಸುತ್ತಿಕೊಂಡು ಹೋಗುತ್ತದೆ. ಯಾರಾದರೂ ಅದನ್ನು ಮೊದಲೇ ಬಗೆದಿದ್ದರೆ ದಿಬ್ಬವನ್ನು ತಗ್ಗಿಸಿ ನೇರ ನಡೆಯುತ್ತದೆ. ಕಚೇರಿಯ ಕಾಗದದಲ್ಲಿ ಇದ್ದದ್ದು ಇಷ್ಟೇ. ಉತ್ತರವನ್ನು ಇಂದು ಸಂಜೆ ಐದಕ್ಕೆ ರಸ್ತೆಯ ಇಂಜಿನಿಯರಿಗೆ ಕೊಡಬೇಕಾಗಿತ್ತು.

ಉತ್ಖನನ ನಡೆಸುತ್ತಿದ್ದ ಮೇಡಂ, ಒಡಲು ಹಾಗೆಯೇ ಇದೆ ಎಂಬ ಉತ್ತರವನ್ನು ಸಿದ್ಧವಾಗಿಟ್ಟುಕೊಂಡಿದ್ದರು. ಮೂರು ವಾರದ ಹಿಂದೆ, ಸೊಂಟದಾಳದಲ್ಲಿ, ಬೆರಳು ದಪ್ಪದ ಹೊಳೆಮರಳಿನ ಹಾಸೊಂದು ಸಿಕ್ಕಿತ್ತು. ಅಗೆಯುವ ಕಸುಬಿನವರು ಗುಂಡಿ ಮುಚ್ಚುವ ಮೊದಲು ಅದರ ತಳಕ್ಕೆ ಮರಳು ಹರಡುತ್ತಾರೆ. ನಾವು ಬಂದದ್ದು ಇಲ್ಲಿಯವರೆಗೆ, ಇದರ ಕೆಳಗೆ ಕೈ ಹಾಕಿಲ್ಲ ಎಂದು ಮುಂದೆ ಎಂದೋ ಬರುವವರಿಗೆ ಅದು ಹೇಳುವ ಮಾತು. ಮೂವತ್ತೆಂಟು ವರ್ಷಗಳ ಹಿಂದೆ ಈ ದಿಬ್ಬವನ್ನು ಅಗೆಸಿದ ಹಳೆಯ ಸಾಹೇಬರು ವರದಿ ಬರೆಯುವ ಮುನ್ನವೇ ತೀರಿಕೊಂಡಿದ್ದರು. ಅವರ ಪುಸ್ತಕಗಳನ್ನು ತೇವ ತಿಂದಿತ್ತು. ಉಳಿದ ಸಾಕ್ಷಿ ಮರಳೊಂದೇ. ಅದರ ಕೆಳಗೆ ಸಿಕ್ಕ ಇದ್ದಿಲು, ಮೂಳೆಯ ಚೂರುಗಳನ್ನು ಮೇಡಂ ನಲವತ್ತೆರಡು ಪೊಟ್ಟಣಗಳಲ್ಲಿ ಕಟ್ಟಿಟ್ಟಿದ್ದರು. ಇದು ಯಾರೂ ಮುಟ್ಟದ ಮಣ್ಣೇ ತಾನೆ ಎಂದು ಎರಡು ಬಾರಿ ಕೇಳಿದ್ದರು. ಎರಡು ಬಾರಿಯೂ ಮೇಸ್ತ್ರಿ, ಹಳೇ ಸಾಹೇಬರು ಮರಳು ಹಾಸದೆ ಗುಂಡಿ ಮುಚ್ಚಿಸಿದವರಲ್ಲ ಎಂದಿದ್ದ. ಅದು ಸುಳ್ಳಾಗಿರಲಿಲ್ಲ.

ಆದರೆ ಆ ಮರಳನ್ನು ಹಾಸಿದವನು ಅವನೇ.

ಆಗ ಅವನಿಗೆ ಇಪ್ಪತ್ತು ವರ್ಷ. ಸಾಹೇಬರು ಬೆಳಗ್ಗೆಯೇ ಊರಿಗೆ ಹೊರಟಿದ್ದರು. ದಿನವಿಡೀ ಸಲಿಕೆಯಲ್ಲಿ ಮಣ್ಣು ನೂಕಿ, ಆಳದ ಗುಂಡಿಯನ್ನು ಸೊಂಟದವರೆಗೆ ತುಂಬಿಸಿ ತಿರುಗಿದರೆ, ತಳಕ್ಕೆ ಹೋಗಬೇಕಿದ್ದ ಮರಳಿನ ರಾಶಿ ದಡದಲ್ಲಿ ಹಾಗೆಯೇ ಕೂತಿತ್ತು. ತುಂಬಿದ ಮಣ್ಣನ್ನೆಲ್ಲ ಮತ್ತೆ ಎತ್ತಿ ಹಾಕಲು ತೋಳುಗಳಲ್ಲಿ ಕಸುವಿರಲಿಲ್ಲ. ಅವನು ಮರಳನ್ನು ಅಲ್ಲಿಯೇ, ಅರ್ಧ ತುಂಬಿದ ಗುಂಡಿಯ ಮೇಲೆಯೇ ಹರಡಿಬಿಟ್ಟ. ಆ ವರ್ಷ ದಿಬ್ಬದ ಒಡಲನ್ನು ಅರ್ಧರ್ಧ ಹಂಚಿಕೊಂಡಂತೆ ಎರಡು ಗುಂಡಿ ತೆಗೆದಿದ್ದರು. ತಪ್ಪಾದದ್ದು ಮೂಡಣದ್ದರಲ್ಲಿ, ಇದು ಪಡುವಣದ್ದು ಎಂದು ಈ ಮೂರು ವಾರ ಅವನು ತನಗೆ ತಾನೇ ಹೇಳಿಕೊಳ್ಳುತ್ತ ಬಂದಿದ್ದ. ಇಷ್ಟು ದಿನ ಮಳೆ ಕುಡಿದು ಬಿಗಿದ ಮಣ್ಣೂ ಅವನ ಪರವಾಗಿತ್ತು. ಇವತ್ತು ಕರಣೆ ಒಪ್ಪಲಿಲ್ಲ.

ಊಟದ ಹೊತ್ತಿಗೆ ಅವನು ಏಣಿ ಹತ್ತಿ ಬಂದ. ಮಂಡಿ ಪ್ರತಿ ಮೆಟ್ಟಿಲಿಗೂ ಹಾಜರಿ ಹಾಕುತ್ತಿತ್ತು. ತೆಗೆದ ಮಣ್ಣನ್ನೆಲ್ಲ ಸಾಣಿಸುತ್ತಿದ್ದುದರಿಂದ ಎಲ್ಲರ ಬಾಯಲ್ಲಿ ಜರಡಿಯಕ್ಕ ಎನಿಸಿಕೊಂಡಿದ್ದ ಅವನ ಹೆಂಡತಿ ಮಣ್ಣಿನ ರಾಶಿಯ ನೆರಳಲ್ಲಿ ಕೂತಿದ್ದಳು. ಬುತ್ತಿ ಬಿಚ್ಚಿರಲಿಲ್ಲ. ಅವನು ಕೂತ ಮೇಲೆ ಮುಷ್ಟಿಯನ್ನು ಮುಂದೆ ಚಾಚಿ ತೆರೆದಳು. ಅಂಗೈಯಲ್ಲಿ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಬಾಚಣಿಗೆಯ ತುಂಡೊಂದು, ನಾಲ್ಕು ಹಲ್ಲು ಉಳಿಸಿಕೊಂಡು, ಬಿದ್ದಿತ್ತು.

"ಎಲ್ಲಿ ಸಿಕ್ತು?"

"ಬೆಳಗ್ಗೆ ನೀವು ಕಳಿಸಿದ ಬುಟ್ಟೀಲಿ. ಮರಳಿನ ಕೆಳಗಿಂದು. ನಂದೇ."

"ನಿಂದೇ ಅಂತ ಹೇಗೆ ಹೇಳ್ತೀಯ?"

"ಇನ್ಯಾರದು? ದಿಬ್ಬದೊಳಗಿನ ರಾಣೀದು ಅಂತ ಬರೆಸ್ತೀರೇನು?" ಅವಳು ನಗಲಿಲ್ಲ. "ಆವತ್ತು ನೀವು ಮರಳು ಮರೆತು ಪೆಚ್ಚುಮೋರೆ ಹಾಕ್ಕೊಂಡು ನಿಂತಿದ್ರಿ. ಅದಕ್ಕೂ ಸ್ವಲ್ಪ ಮುಂಚೆ ನಾನು ಬುಟ್ಟಿ ಸುರಿಯೋವಾಗ ಇದು ತಲೆಯಿಂದ ಜಾರಿ ಬಿತ್ತು. ಹುಡುಕಿ ಕೊಡ್ತೀನಿ ಅಂದಿದ್ರಿ."

"ಕೊಡಲಿಲ್ಲ."

"ಎಲ್ಲಿ ಕೊಟ್ರಿ, ಮದುವೆ ಆಗಿಬಿಟ್ರಿ."

ಅವನು ಸುಣ್ಣದ ಗೆರೆಯತ್ತ ನೋಡಿದ. ಅದರ ಆ ತುದಿಯಲ್ಲಿ ಹಳದಿ ಬಣ್ಣದ ಯಂತ್ರವೊಂದು ತಲೆ ತಗ್ಗಿಸಿ ನಿಂತಿತ್ತು.

"ನೋಡಿ," ಎಂದಳು ಅವಳು, ದನಿ ಇಳಿಸಿ. "ಜರಡಿ ನನ್ನ ಕೈಲಿದೆ. ಸಿಕ್ತು ಅಂದ್ರೆ ಸಿಕ್ತು, ಇಲ್ಲ ಅಂದ್ರೆ ಇಲ್ಲ. ಈ ಕಸದ ರಾಶೀಲಿ ಒಂದು ತುಂಡು ಹೆಚ್ಚಾದ್ರೆ ಯಾರೂ ಲೆಕ್ಕ ಇಡಲ್ಲ. ದಿಬ್ಬನೂ ಉಳಿಯುತ್ತೆ, ನಿಮ್ಮ ಹೆಸರೂ ಉಳಿಯುತ್ತೆ. ಹೇಳಿ, ಏನು ಮಾಡ್ಲಿ?"

ಅವನು ತುಂಡನ್ನು ಅವಳ ಕೈಯಿಂದ ತೆಗೆದುಕೊಂಡು ಜೇಬಿಗೆ ಹಾಕಿಕೊಂಡ. ಅವಳು ಬುತ್ತಿ ಬಿಚ್ಚಿದಳು.

ಡೇರೆಯಲ್ಲಿ ಮೇಡಂ ಮೊಣಕೈ ಊರಿ ಬರೆಯುತ್ತಿದ್ದರು. ಕಣ್ಣ ಕೆಳಗೆ ಮೂರು ವಾರದ ನಿದ್ದೆ ಬಾಕಿ ಇತ್ತು. ಮೇಸ್ತ್ರಿಯನ್ನು ಕಂಡು, ಕೂರಿ ಎಂದು ಮಡಚುವ ಕುರ್ಚಿಯನ್ನು ಕಾಲಿನಿಂದಲೇ ಸರಿಸಿ, ವರದಿಯ ಮೊದಲ ಹಾಳೆಯನ್ನು ಅವನತ್ತ ತಿರುಗಿಸಿದರು. ಅದರಲ್ಲಿ ಅವನ ಹೆಸರಿತ್ತು. ಮಣ್ಣಿನ ಪದರಗಳನ್ನು ಗುರುತಿಸಿದವರು ಎಂದು, ಮೇಡಂ ಹೆಸರಿನ ಕೆಳಗೆ, ಅಷ್ಟೇ ದಪ್ಪ ಅಕ್ಷರದಲ್ಲಿ. ಇಷ್ಟು ವರ್ಷ ಅವನು ಅಗೆದ ಜಾಗಗಳ ಬಗ್ಗೆ ಎಷ್ಟೋ ಪುಸ್ತಕಗಳು ಬಂದಿದ್ದವು. ಯಾವುದರಲ್ಲೂ ಹಾಗೆ ಬರೆದಿರಲಿಲ್ಲ.

ಅವನು ಹಾಳೆಯನ್ನು ಎರಡು ಸಲ ಓದಿದ. ಜೇಬಿನಲ್ಲಿ ಬಾಚಣಿಗೆಯ ಹಲ್ಲು ಬೆರಳಿಗೆ ಚುಚ್ಚುತ್ತಿತ್ತು. ಆಮೇಲೆ ಅದನ್ನು ತೆಗೆದು, ತನ್ನ ಹೆಸರಿನ ಪಕ್ಕದಲ್ಲಿಟ್ಟ.

"ಇದು ಮರಳಿನ ಕೆಳಗೆ ಸಿಕ್ತು, ಮೇಡಂ. ಮರಳು ಇರಬೇಕಾದ ಜಾಗದಲ್ಲಿ ಇಲ್ಲ. ಆವತ್ತು ಸೊಂಟದವರೆಗೆ ತುಂಬಿದ ಮೇಲೆ ನೆನಪಾಯ್ತು. ಅಲ್ಲೇ ಹಾಸಿಬಿಟ್ಟೆ. ಸುಸ್ತಾಗಿತ್ತು."

ಮೇಡಂ ತುಂಡನ್ನು ಮುಟ್ಟಲಿಲ್ಲ. ಹೊರಗೆ ಜರಡಿಯ ಸದ್ದು ನಿಂತಿತ್ತು.

"ಹಾಗಾದ್ರೆ ನಲವತ್ತೆರಡು ಪೊಟ್ಟಣನೂ..."

"ಮೇಲಿಂದು ಕೆಳಗಿಂದು ಎಲ್ಲ ಕಲಸಿದ ಮಣ್ಣು."

"ಮೂರು ವಾರದ ಹಿಂದೆ ಹೇಳಬಹುದಿತ್ತಲ್ಲ, ಮೇಸ್ತ್ರಿ?"

"ಆ ಕಡೆ ಗುಂಡಿ ಅಂದ್ಕೊಂಡಿದ್ದೆ." ಅವನು ನೆಲ ನೋಡಿದ. "ಅಂದ್ಕೋಬೇಕು ಅನ್ನಿಸ್ತಿತ್ತು."

ಅವರು ಕನ್ನಡಕ ತೆಗೆದು ಮೂಗಿನ ಮೇಲಿನ ಗುರುತನ್ನು ಉಜ್ಜಿಕೊಂಡರು. ಬೈಯುತ್ತಾರೆ ಎಂದು ಅವನು ಕಾದ. ಅವರು ಗಡಿಯಾರ ನೋಡಿದರು. ಐದಕ್ಕೆ ಇನ್ನೂ ಎರಡೂವರೆ ಗಂಟೆ ಇತ್ತು. ಹಳೆಯ ಗುಂಡಿ ಎಲ್ಲಿಗೆ ನಿಂತಿತ್ತೋ ಯಾರಿಗೆ ಗೊತ್ತು. ಅದರ ತಳದಲ್ಲಿ ಹೂತಂದಿನಿಂದ ಯಾರೂ ಮುಟ್ಟದ ಪದರ ಅಂಗೈ ಅಗಲ ಸಿಕ್ಕರೂ ಸಾಕಿತ್ತು. ಮೇಡಂ ತಾವೇ ಸಲಿಕೆ ಎತ್ತಿಕೊಂಡರು.

ಮೂವರೂ ಇಳಿದರು. ಮೇಸ್ತ್ರಿ ಕಡಿದ, ಮೇಡಂ ತುಂಬಿದರು, ಜರಡಿಯಕ್ಕ ಏಣಿಯ ಮೇಲೆ ನಿಂತು ಬುಟ್ಟಿ ಮೇಲೆತ್ತಿದಳು. ಮಣ್ಣು ಮೊಣಕಾಲಷ್ಟು ಹೋಯಿತು, ತೊಡೆಯಷ್ಟು ಹೋಯಿತು. ಇನ್ನೂ ಮೆತ್ತಗೆ. ನಾಲ್ಕೂವರೆಯ ಹೊತ್ತಿಗೆ ಹಾರೆ ಠಣ್ಣೆಂದಿತು. ಮೇಸ್ತ್ರಿ ಮಂಡಿಯೂರಿ ಕರಣೆಯಿಂದ ಕೆರೆದ. ಈ ಸಲ ಸದ್ದು ಸರಿಯಾಗಿತ್ತು. ಗಟ್ಟಿ ಹಳದಿ ನೆಲ ಮೂಲೆಯಿಂದ ಮೂಲೆಗೆ ಸ್ವಚ್ಛವಾಗಿ ತೆರೆದುಕೊಂಡಿತು. ಒಂದು ಕಲ್ಲಿಲ್ಲ, ಒಂದು ಮಡಕೆಚೂರಿಲ್ಲ. ದಿಬ್ಬ ಹುಟ್ಟುವುದಕ್ಕೂ ಮೊದಲಿನ ಬರೀ ಭೂಮಿ. ಹೂತವರು ಇಟ್ಟಿದ್ದನ್ನೆಲ್ಲ ಹಳೆಯ ಗುಂಡಿ ಎಂದೋ ಬಗೆದು ಕಲಸಿಬಿಟ್ಟಿತ್ತು.

ಐದಕ್ಕೆ ಬಂದ ಇಂಜಿನಿಯರ್ ಗುಂಡಿಯೊಳಗೆ ಬಗ್ಗಿ ನೋಡಿ, ಒಳಗಿದ್ದವರು ಮೊದಲೇ ಮನೆ ಖಾಲಿ ಮಾಡಿದ್ದಾರೆ ಎಂದು ನಗಲು ಹೋದ. ಯಾರ ಮುಖವೂ ಜೊತೆ ಕೊಡದಿದ್ದರಿಂದ ಸಹಿ ಹಾಕಿಸಿಕೊಂಡು ಹೊರಟ. ಮೇಡಂ ಬಾಚಣಿಗೆಯ ತುಂಡನ್ನು ಪೊಟ್ಟಣಕ್ಕೆ ಹಾಕಿ, ಮೇಲೆ ನಲವತ್ತಮೂರು ಎಂದು ಬರೆದರು. ವರದಿಯ ಮೊದಲ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡರು. ಹರಿಯಲಿಲ್ಲ.

ಮರುದಿನ ಬೆಳಗ್ಗೆ ಡೇರೆ ಬಿಚ್ಚುತ್ತಿದ್ದಾಗ, ಯಂತ್ರ ದಿಬ್ಬದ ಆ ಮಗ್ಗುಲಿನಿಂದ ಕೆಲಸ ಶುರು ಮಾಡಿತ್ತು. ಮೇಸ್ತ್ರಿ ಹೊಳೆಯ ಕಡೆಯಿಂದ ಎರಡು ಬುಟ್ಟಿ ಮರಳು ತಂದು ಗುಂಡಿಯ ದಡದಲ್ಲಿಳಿಸಿದ.

"ಯಾರಿಗ್ರೀ ಇದು?" ಜರಡಿಯಕ್ಕ ಕೇಳಿದಳು. "ಮೇಲೆ ಡಾಂಬರು ಬರುತ್ತೆ. ಇನ್ನು ಯಾರು ಅಗೀತಾರೆ?"

ಅವನು ಏಣಿ ಇಳಿದ. ಅವಳು ಜರಡಿ ತಂದು, ಮರಳಿನೊಳಗಿನ ಕಲ್ಲು ಕಡ್ಡಿ ಸೋಸಿ, ಬುಟ್ಟಿಯನ್ನು ಹಗ್ಗದಲ್ಲಿ ಕೆಳಗಿಳಿಸಿದಳು.

ಮೇಸ್ತ್ರಿ ಹಳದಿ ನೆಲದ ಮೇಲೆ ಮರಳನ್ನು ಬೆರಳು ದಪ್ಪಕ್ಕೆ ಹರಡಿದ. ಮೂಲೆಗಳನ್ನು ಅಂಗೈಯಿಂದ ಸವರಿದ. ಎಲ್ಲ ಸಮವಾದ ಮೇಲೆ, ತನ್ನ ಹೆಜ್ಜೆಗಳನ್ನು ತಾನೇ ಅಳಿಸುತ್ತ, ಬಗ್ಗಿಕೊಂಡೇ ಹಿಂದೆ ಹಿಂದೆ ಸರಿದು ಏಣಿ ಹತ್ತಿದ. ಕೊನೆಯ ಗುರುತನ್ನು ಮೆಟ್ಟಿಲ ಮೇಲೆ ನಿಂತು, ಕೈ ಚಾಚಿ ಒರೆಸಿ, ಏಣಿಯನ್ನು ಮೇಲಕ್ಕೆಳೆದುಕೊಂಡ. ಏಣಿಯ ಕಾಲುಗಳು ಊರಿದ್ದ ಜಾಗದಲ್ಲಿ ಮಾತ್ರ ಎರಡು ಸಣ್ಣ ಕುಳಿ ಉಳಿದವು. ಜರಡಿಯಕ್ಕ ಮಣ್ಣಿನ ಮೊದಲ ಬುಟ್ಟಿಯನ್ನು ಸೊಂಟಕ್ಕಾನಿಸಿಕೊಂಡು, ಅವನು ನೋಡಿ ಮುಗಿಸಲಿ ಎಂದು ಕಾದು ನಿಂತಿದ್ದಳು.