ಕೆಂಪು ರೀಲಿನ ಹೆಲಿಕಾಪ್ಟರ್

ಭಾನುವಾರ ಮಧ್ಯಾಹ್ನ ನನ್ನ ಹೊಲಿಗೆ ಅಂಗಡಿಯ ಬಾಗಿಲು ಅರ್ಧ ಇಳಿದಿದ್ದರೆ ಯಾರೂ ತಟ್ಟಬಾರದು. ಆಗ ನಾನು ದರ್ಜಿಯಲ್ಲ, ಇನ್ನೂರು ವರ್ಷ ಮುಂದಿನ ಒಂದು ಮಹಾನಗರದ ಸುದ್ದಿ ಹೆಲಿಕಾಪ್ಟರಿನ ಪೈಲಟ್. ನಗಬೇಡಿ. ಕತೆ ಕಟ್ಟುತ್ತ ದಾಳ ಹಾಕಿ ಆಡುವ ಈ ಆಟ ನಡೆಸುವವಳು ನನ್ನ ಮಗಳು. ಬಟ್ಟೆ ಕತ್ತರಿಸುವ ಮೇಜೇ ನಗರ, ನೆಟ್ಟಗೆ ನಿಲ್ಲಿಸಿದ ಇಸ್ತ್ರಿಪೆಟ್ಟಿಗೆ ಅದರ ಗೋಪುರ.

ಹೆಲಿಕಾಪ್ಟರ್ ಮಾಡಿದವಳೂ ಅವಳೇ, ಎಂಟು ವರ್ಷದವಳಿದ್ದಾಗ. ಕೆಂಪು ದಾರದ ರೀಲು, ರೆಕ್ಕೆಗೆ ಜಿಪ್ಪಿನ ಎರಡು ತುಂಡು, ಕ್ಯಾಮೆರಾಕ್ಕೆ ಒಂದು ಬಟನ್ನು. "ದಾರ ಬಿಚ್ಚಬೇಡಪ್ಪ" ಅಂದಿದ್ದಳು. ಅದಾಗಿ ಹನ್ನೊಂದು ವರ್ಷವಾಯಿತು.

ಆ ನಗರದಲ್ಲಿ ಎಂಥ ಪುಂಡರೂ ಸುದ್ದಿ ಹೆಲಿಕಾಪ್ಟರಿಗೆ ಗುಂಡು ಹೊಡೆಯುವುದಿಲ್ಲ, ಅದರಲ್ಲಿ ಗನ್ನಿರುವುದಿಲ್ಲವಲ್ಲ. ಇನ್ನೆರಡು ಕಾಯಿದೆ ನಮ್ಮ ಮನೆಯವು: ಕಾಯಿಗೆ ಏನು ಅಂಟಿದೆಯೋ ಅದು ಆಟದಲ್ಲೂ ಇದೆ, ಆಟದಲ್ಲಿ ನೆಲಕ್ಕೆ ಬಿದ್ದ ಕಾಯಿ ನಿಜವಾದ ಕಸದ ಬುಟ್ಟಿಗೆ.

ಈ ಭಾನುವಾರ ನಾನು ಉರಿಯುವ ಕಾರ್ಖಾನೆಯ ಮೇಲೆ ಹಾರುತ್ತ, ಒಳಗೆ ಸಿಕ್ಕಿಬಿದ್ದ ಕೆಲಸಗಾರರನ್ನು ಊರಿಗೆಲ್ಲ ತೋರಿಸುತ್ತಿದ್ದೆ. ಮಗಳು ಬಗ್ಗಿ ನೋಡಿದಳು.

"ಅಪ್ಪ, ಹೊಟ್ಟೆ ಕೆಳಗೆ ಅದೇನು?"

ಗುಂಡುಸೂಜಿ. ಬೆಳಗ್ಗೆಯೇ ಕಂಡಿತ್ತು. ದರ್ಜಿ ಅಂಗಡಿಯಲ್ಲಿ ಸೂಜಿ ಎಲ್ಲಿರುವುದಿಲ್ಲ ಹೇಳಿ. ನನ್ನ ಕಾಲರಿನಲ್ಲೇ ನಾಲ್ಕಿದ್ದವು. ನಾನೇ ಚುಚ್ಚಿರಬೇಕೆಂದು ಸುಮ್ಮನಾಗಿದ್ದೆ.

ಮೇಜಿನ ಆಚೆ ಕೂತಿದ್ದ, ಆಟದಲ್ಲಿ ನನ್ನ ಕಾವಲುಗಾರನಾದ ಬಾಮೈದ ಗಂಟಲು ಸರಿಮಾಡಿಕೊಂಡ. "ಗನ್ನು ಭಾವ. ಬರಿಗೈಲಿ ಹಾರ್ತೀರಲ್ಲ, ಒಂದಿರಲಿ ಅಂತ ನಾನೇ ಚುಚ್ಚಿದೆ."

"ನಿನ್ನ ಉಪಕಾರಕ್ಕೆ ಬೆಂಕಿ ಬೀಳ," ಅಂದೆ.

"ಗನ್ನಿದ್ರೆ ಹೊಡೀತಾರೆ," ಎಂದಳು ಮಗಳು. ಧ್ವನಿ ಸಣ್ಣದಾಗಿತ್ತು. "ದಾಳ ಹಾಕು. ಐದೋ ಆರೋ ಬಿದ್ರೆ ಉಳೀತೀಯ."

ಎರಡು ಬಿತ್ತು. ಅಂದರೆ ಹೆಲಿಕಾಪ್ಟರ್ ನೆಲಕ್ಕೆ, ರೀಲು ಬುಟ್ಟಿಗೆ. ನನಗೆ ನಿಜಕ್ಕೂ ಸಂಕಟವಾಯಿತು, ಐವತ್ತೆರಡರ ಗಂಡಸಿಗೆ, ಒಂದು ರೀಲಿಗಾಗಿ. ಅವಳು ಕೈ ಚಾಚಿದಳು, ಎತ್ತಿಕೊಳ್ಳಲಿಲ್ಲ. ಅವಳಿಗೂ ಮನಸ್ಸಿಲ್ಲ, ಆದರೆ ಆಡಿದ ಮಾತಿಗೆ ತಪ್ಪುವ ಪೈಕಿಯಲ್ಲ. ಬೆಳೆಸಿದವನು ನಾನೇ, ಯಾರನ್ನು ಬೈಯಲಿ.

"ತಡಿ. ಸೂಜಿ ಲೆಕ್ಕಕ್ಕೆ ಬರುತ್ತೆ ಅಂದ್ಮೇಲೆ ದಾರವೂ ಬರಬೇಕಲ್ಲ?"

ನಾನು ಅರ್ಧ ಗೇಣು ದಾರ ಬಿಚ್ಚಿ, ಇನ್ನೂ ಬಿಚ್ಚದಂತೆ ರೀಲಿನ ಕಚ್ಚಿಗೆ ಸಿಕ್ಕಿಸಿ, ತುದಿಯನ್ನು ಇಸ್ತ್ರಿಪೆಟ್ಟಿಗೆಯ ಹಿಡಿಗೆ ಗಂಟು ಹಾಕಿ ಕೈಬಿಟ್ಟೆ. ಹೆಲಿಕಾಪ್ಟರ್ ಮೇಜಿಗಿಂತ ನಾಲ್ಕು ಬೆರಳು ಮೇಲೆ ನಿಂತು ತೂಗಾಡಿತು. ಕ್ಯಾಮೆರಾ ಕಾರ್ಖಾನೆಯ ಕಡೆಗೇ ಇತ್ತು.

"ಮಾವ ಚಾಪೆ ಕೆಳಗೆ ತೂರಿದ್ರೆ ನೀನು ರಂಗೋಲಿ ಕೆಳಗೆ ತೂರ್ತೀಯ," ಎಂದು ಮಗಳು ಕಣ್ಣೊರೆಸಿಕೊಂಡು ನಕ್ಕಳು. "ನೆಲ ಮುಟ್ಟಿಲ್ಲ. ಬುಟ್ಟಿಗಿಲ್ಲ. ಕೆಲಸಗಾರರೂ ಉಳಿದ್ರು, ಸಾಕಾ?"

ಸೂಜಿ ಕಿತ್ತು ನನ್ನ ಕಾಲರಿಗೆ ಐದನೆಯದಾಗಿ ಚುಚ್ಚಿದಳು. ಆಮೇಲೆ ದಾರವನ್ನು ಎಳೆ ಬಿಡದಂತೆ ಸುತ್ತತೊಡಗಿದಳು.

"ಅವತ್ತಿಂದ ಒಂದ್ಸಲವೂ ಬಿಚ್ಚಿರಲಿಲ್ವಾ ಅಪ್ಪ?"

"ಕೆಂಪು ದಾರ ಬೇಕಾದಾಗೆಲ್ಲ ಹೊಸ ರೀಲು ತಂದೆ," ಅಂದೆ.